ಜ್ಯೂರಿ ಹೋಯಿತು, ಓದುಗ ಉಳಿದ

ನಿಜವಾಗಿ ನಡೆದ ಅಪರಾಧಗಳ ಕಥೆಯನ್ನು ಜನ ಯಾಕೆ ಇಷ್ಟೊಂದು ಓದುತ್ತಾರೆ, ಕೇಳುತ್ತಾರೆ, ನೋಡುತ್ತಾರೆ ಅನ್ನುವುದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಜನರಿಗೆ ರಕ್ತ ನೋಡುವ ಚಪಲ ಅನ್ನುವುದು ಒಂದು. ಬಾಗಿಲು ಹಾಕಿಕೊಂಡು ಕೂತು ಭಯಪಡುವುದರಲ್ಲಿ ಒಂದು ಥರದ ಸುಖ ಇದೆ ಅನ್ನುವುದು ಇನ್ನೊಂದು. ಎರಡರಲ್ಲೂ ಸತ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬಹಳ ವರ್ಷ ಕೋರ್ಟ್ ವರದಿ ಮಾಡಿದವನಾಗಿ ನನಗೆ ಈ ಉತ್ತರಗಳು ಸಾಲುವುದಿಲ್ಲ. ಯಾಕೆಂದರೆ ಕೊಲೆ ಆದ ಮರುದಿನದ ಸುದ್ದಿ ಓದುವವರು ಒಂದು ವಾರಕ್ಕೆ ಅದನ್ನು ಮರೆತುಬಿಡುತ್ತಾರೆ. ಹತ್ತು ವರ್ಷದ ಹಳೆಯ ಕೇಸಿನ ಬಗ್ಗೆ ಮುನ್ನೂರು ಪುಟ ಓದುವವರೇ ಬೇರೆ. ಅವರು ರಕ್ತಕ್ಕಾಗಿ ಓದುವುದಿಲ್ಲ. ರಕ್ತದ ವಿಷಯ ಎರಡು ಪುಟದಲ್ಲಿ ಮುಗಿದಿರುತ್ತದೆ. ಉಳಿದ ಪುಟಗಳಲ್ಲಿ ಅವರು ಏನು ಹುಡುಕುತ್ತಾರೆ?

ತೀರ್ಪು ಕೊಡುವ ಒಂದು ಕುರ್ಚಿಯನ್ನು ಹುಡುಕುತ್ತಾರೆ ಅನ್ನುವುದು ನನ್ನ ನಂಬಿಕೆ. ಅದನ್ನು ವಿವರಿಸಲು 1959ಕ್ಕೆ ಹೋಗಬೇಕು.

1959ರ ಏಪ್ರಿಲ್ 27. ಮುಂಬೈ. ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ಅವರಿಗೆ ಹೆಂಡತಿ ಒಂದು ವಿಷಯ ಹೇಳುತ್ತಾಳೆ. ತನಗೂ ಪ್ರೇಮ್ ಅಹುಜಾ ಎಂಬ ಕಾರ್ ವ್ಯಾಪಾರಿಗೂ ಸಂಬಂಧ ಇದೆ ಅಂತ. ನಾನಾವತಿ ಕೂಗಾಡುವುದಿಲ್ಲ. ಹೆಂಡತಿ ಮಕ್ಕಳನ್ನು ಸಿನಿಮಾಗೆ ಬಿಡುತ್ತಾರೆ. ತಮ್ಮ ಹಡಗಿಗೆ ಹೋಗುತ್ತಾರೆ. ಒಂದು ಸುಳ್ಳು ಕಾರಣ ಹೇಳಿ ರಿವಾಲ್ವರ್ ಮತ್ತು ಆರು ಗುಂಡು ತೆಗೆದುಕೊಳ್ಳುತ್ತಾರೆ. ಮೊದಲು ಅಹುಜಾ ಆಫೀಸಿಗೆ ಹೋಗುತ್ತಾರೆ, ಅಲ್ಲಿ ಆತ ಇಲ್ಲ. ಆಮೇಲೆ ಅವನ ಫ್ಲಾಟಿಗೆ. ಬೆಡ್‌ರೂಮಿನ ಬಾಗಿಲು ಮುಚ್ಚುತ್ತದೆ. ಗುಂಡಿನ ಸದ್ದು. ಹೊರಗೆ ಬಂದವರು ಪೊಲೀಸರ ಬಳಿ ಹೋಗಿ ಶರಣಾಗುತ್ತಾರೆ.

ಈ ಕೇಸಿನಲ್ಲಿ ಕೊಂದವರು ಯಾರು ಅನ್ನುವ ಗುಟ್ಟೇ ಇಲ್ಲ. ಆದರೂ ಇಡೀ ದೇಶ ಎರಡು ವರ್ಷ ಇದನ್ನೇ ಮಾತಾಡಿತು. ಪ್ರಶ್ನೆ ಇದ್ದದ್ದು ಒಂದೇ. ಆ ಕೋಣೆಯಲ್ಲಿ ಜಗಳ ಆಗಿ, ಕೈ ಕೈ ಮಿಲಾಯಿಸಿ, ಆ ಕಿತ್ತಾಟದಲ್ಲಿ ಗುಂಡು ಹಾರಿತೇ? ಅಥವಾ ನಾನಾವತಿ ಕೊಲ್ಲಬೇಕೆಂದೇ ಹೋಗಿ ಕೊಂದರೇ?

ಇಲ್ಲಿ ಒಂದು ಟವೆಲ್ ಬರುತ್ತದೆ. ಅಹುಜಾ ಆಗಷ್ಟೇ ಸ್ನಾನ ಮಾಡಿ ಬಂದಿದ್ದ. ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ. ಹೆಣವಾಗಿ ಬಿದ್ದಾಗಲೂ ಆ ಟವೆಲ್ ಮೈಮೇಲೆ ಹಾಗೇ ಇತ್ತು. ನೀವೇ ಯೋಚಿಸಿ. ಇಬ್ಬರು ಗಟ್ಟಿ ಗಂಡಸರು ಒಂದು ರಿವಾಲ್ವರ್‌ಗಾಗಿ ಗುದ್ದಾಡಿದರೆ ಸೊಂಟದ ಟವೆಲ್ ನಿಲ್ಲುತ್ತದಾ? ಪ್ರಾಸಿಕ್ಯೂಷನ್ ಕೇಳಿದ್ದು ಇದನ್ನೇ. ಇದನ್ನು ಕೇಳಿದ ಕೂಡಲೇ ನಿಮ್ಮ ತಲೆಯೊಳಗೆ ಏನೋ ಓಡಲು ಶುರುವಾಯಿತು, ಅಲ್ವಾ? ಸಭೆಯಲ್ಲಿ ಕೆಲವರು ಪಕ್ಕದವರ ಕಡೆ ತಿರುಗಿದ್ದೂ ನನಗೆ ಕಾಣಿಸಿತು. ಆ ಓಟವೇ ಈ ಬರಹಗಳ ಸೆಳೆತ. ಅದನ್ನು ಚಪಲ ಅಂತ ಕರೆದರೆ ತಪ್ಪಾಗುತ್ತದೆ. ಸಾಕ್ಷಿಯನ್ನು ತೂಗುವ ಕೆಲಸ ಅದು.

ಆ ಕೇಸಿನಲ್ಲಿ ಆ ಕೆಲಸಕ್ಕೆಂದೇ ಒಂಬತ್ತು ಜನ ಕೂತಿದ್ದರು. ಜ್ಯೂರಿ. ವಕೀಲರಲ್ಲ, ಜಡ್ಜ್‌ಗಳಲ್ಲ, ನಮ್ಮ ನಿಮ್ಮಂಥವರು. ಎಂಟು ಜನ ತಪ್ಪಿತಸ್ಥನಲ್ಲ ಅಂದರು, ಒಬ್ಬರು ಮಾತ್ರ ತಪ್ಪಿತಸ್ಥ ಅಂದರು. ಸೆಷನ್ಸ್ ನ್ಯಾಯಾಧೀಶರು ಈ ತೀರ್ಮಾನ ಒಪ್ಪಲಿಲ್ಲ, ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಒಂದು ಲೆಕ್ಕ ಇದೆ. ನಾನಾವತಿ ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ, ಕೊಲೆ ಆದದ್ದು 4.20ಕ್ಕೆ. ಸಿಟ್ಟು ಇಳಿಯಲು ಇಷ್ಟು ಹೊತ್ತು ಸಾಕು, ಹಾಗಾಗಿ ಹಠಾತ್ ಉದ್ರೇಕ ಅನ್ನುವ ವಾದ ನಿಲ್ಲುವುದಿಲ್ಲ ಅಂದಿತು ಕೋರ್ಟ್. ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ನಾನಾವತಿ ಕುಟುಂಬ ಕೆನಡಾಕ್ಕೆ ಹೋಯಿತು.

ಜ್ಯೂರಿ ಯಾಕೆ ಹಾಗಂದಿತು? ಹೊರಗೆ ಬೀಸುತ್ತಿದ್ದ ಗಾಳಿಯೂ ಒಂದು ಕಾರಣ ಅಂತ ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಆರ್. ಕೆ. ಕರಂಜಿಯಾ ಅವರ ಬ್ಲಿಟ್ಜ್ ವಾರಪತ್ರಿಕೆ ನಾನಾವತಿ ಪರವಾಗಿ ನಿಂತು ವಾರ ವಾರ ಬರೆಯಿತು. 25 ಪೈಸೆಯ ಪತ್ರಿಕೆ ಎರಡು ರೂಪಾಯಿಗೆ ಮಾರಾಟ ಆಗುತ್ತಿತ್ತು ಅಂತ ಆ ಕಾಲದವರು ನೆನಪಿಸಿಕೊಂಡಿದ್ದಾರೆ. ರಸ್ತೆಯಲ್ಲಿ ಅಹುಜಾ ಟವೆಲ್, ನಾನಾವತಿ ಆಟಿಕೆ ರಿವಾಲ್ವರ್ ಅಂತ ಮಾರುತ್ತಿದ್ದರಂತೆ. ದೇಶಕ್ಕೆ ಸೇವೆ ಮಾಡಿದ ಗೌರವಸ್ಥ ಗಂಡ, ದುಡ್ಡಿರುವ ಪೋಲಿ, ದಾರಿ ತಪ್ಪಿದ ಹೆಂಡತಿ. ಮೂರು ಪಾತ್ರ ಸಿದ್ಧವಾಗಿದ್ದವು. ಸತ್ತವನಿಗೂ ಒಂದು ಮನೆ ಇತ್ತು, ಅವನ ಸಾವನ್ನು ಪ್ರಶ್ನಿಸುತ್ತಾ ಕೋರ್ಟಿಗೆ ಅಲೆದ ಒಬ್ಬ ಸೋದರಿ ಇದ್ದಳು. ಅವಳಿಗೆ ಈ ಕಥೆಯಲ್ಲಿ ಜಾಗ ಇರಲಿಲ್ಲ.

ನಾನಾವತಿ ಕೇಸ್ ಭಾರತದ ಕೊನೆಯ ಜ್ಯೂರಿ ವಿಚಾರಣೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಜ್ಯೂರಿ ಬೇಡ ಅಂತ ಕಾನೂನು ಆಯೋಗ 1958ರಲ್ಲೇ ಶಿಫಾರಸು ಮಾಡಿತ್ತು, ಮತ್ತು ಈ ಕೇಸಿನ ನಂತರವೂ ಕೆಲವು ಕಡೆ ಜ್ಯೂರಿ ನಡೆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದರ ಹೆಸರೇ ಇಲ್ಲವಾಯಿತು. ಈ ತಿದ್ದುಪಡಿ ಸುಮ್ನೆ ಹೇಳುತ್ತಿಲ್ಲ. ಅಪರಾಧದ ಬರಹದಲ್ಲಿ ಹೀಗೇ ಆಗುತ್ತದೆ. ಕೇಳಲು ಚೆನ್ನಾಗಿರುವ ಒಂದು ವಾಕ್ಯ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ದಾಟುತ್ತಾ ಸತ್ಯದ ಜಾಗದಲ್ಲಿ ಕೂತುಬಿಡುತ್ತದೆ.

ನನ್ನ ಮಾತು ಇಷ್ಟು. ನಮ್ಮ ಕೋರ್ಟುಗಳಿಂದ ಜ್ಯೂರಿಯ ಕುರ್ಚಿಗಳನ್ನು ಎತ್ತಿ ಹೊರಗಿಟ್ಟರು. ಆದರೆ ಜನರೊಳಗಿನ ಜ್ಯೂರಿ ಎಲ್ಲೂ ಹೋಗಲಿಲ್ಲ. ಅವನಿಗೆ ಕುರ್ಚಿ ಬೇಕು. ಪತ್ರಿಕೆ ಕೊಟ್ಟಿತು, ಪುಸ್ತಕ ಕೊಟ್ಟಿತು, ಟಿವಿ ಕೊಟ್ಟಿತು, ಈಗ ಪಾಡ್‌ಕಾಸ್ಟ್ ಕೊಡುತ್ತಿದೆ. ಜ್ಯೂರಿ ಪದ್ಧತಿ ಇನ್ನೂ ಇರುವ ಅಮೆರಿಕದಲ್ಲೂ ಹೀಗೇ, ಯಾಕೆಂದರೆ ಅಲ್ಲೂ ಒಂದು ಕೇಸಿಗೆ ಹನ್ನೆರಡು ಜನಕ್ಕೆ ಮಾತ್ರ ಜಾಗ.

ಅದೇ 1959. ನವೆಂಬರ್ ತಿಂಗಳು. ಅಮೆರಿಕದ ಕಾನ್ಸಾಸ್ ರಾಜ್ಯದ ಹೋಲ್ಕಂ ಅನ್ನುವ ಸಣ್ಣ ಊರಿನಲ್ಲಿ ಒಂದು ರೈತ ಕುಟುಂಬದ ನಾಲ್ಕು ಜನರ ಕೊಲೆಯಾಯಿತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಚಿಕ್ಕ ಸುದ್ದಿಯನ್ನು ಓದಿ ಟ್ರೂಮನ್ ಕಪೋಟಿ ಎಂಬ ಲೇಖಕ ಅಲ್ಲಿಗೆ ಹೊರಟ. ಜತೆಗೆ ಅವನ ಬಾಲ್ಯದ ಗೆಳತಿ ಹಾರ್ಪರ್ ಲೀ. ಕೊಂದವರು ಇಬ್ಬರು, ಜೈಲಿನಿಂದ ಹೊರಬಂದವರು. ಆ ಮನೆಯ ತಿಜೋರಿಯಲ್ಲಿ ಹತ್ತು ಸಾವಿರ ಡಾಲರ್ ಇದೆ ಅಂತ ಜೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಬಂದಿದ್ದರು. ತಿಜೋರಿಯೇ ಇರಲಿಲ್ಲ. ಸಿಕ್ಕಿದ್ದು ಐವತ್ತು ಡಾಲರ್‌ಗೂ ಕಡಿಮೆ. ಕಪೋಟಿ ಇಬ್ಬರನ್ನೂ ಜೈಲಿನಲ್ಲಿ ಭೇಟಿಯಾಗುತ್ತಾ, ಪತ್ರ ಬರೆಯುತ್ತಾ ವರ್ಷಗಟ್ಟಲೆ ಕಳೆದ. 1965ರ ಏಪ್ರಿಲ್‌ನಲ್ಲಿ ಇಬ್ಬರಿಗೂ ಗಲ್ಲಾಯಿತು. ಅವನ ಪುಸ್ತಕ 'ಇನ್ ಕೋಲ್ಡ್ ಬ್ಲಡ್' 1966ರ ಜನವರಿಯಲ್ಲಿ ಹೊರಬಂತು. ಇವತ್ತು ನಾವು ನೋಡುವ ಅಪರಾಧ ಬರಹದ ಅಚ್ಚು ಬಹುಪಾಲು ಅಲ್ಲಿಂದಲೇ ಬಂದದ್ದು. ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುವ, ಆದರೆ ಪ್ರತಿ ಮಾತೂ ನಿಜ ಅಂತ ಹೇಳಿಕೊಳ್ಳುವ ಅಚ್ಚು.

ಪ್ರತಿ ಮಾತೂ ನಿಜವಾಗಿತ್ತಾ? ಇಲ್ಲ. ಪುಸ್ತಕದ ಕೊನೆಯಲ್ಲಿ ತನಿಖಾಧಿಕಾರಿ ಸ್ಮಶಾನದಲ್ಲಿ ಸತ್ತ ಹುಡುಗಿಯ ಗೆಳತಿಯನ್ನು ಕಾಣುವ ದೃಶ್ಯ ಇದೆ. ಓದಿದವರ ಮನಸ್ಸು ತಣ್ಣಗಾಗುವ ದೃಶ್ಯ. ಅದು ನಡೆದೇ ಇಲ್ಲ, ಕಪೋಟಿ ಕಟ್ಟಿದ್ದು. ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಅವನ ಪುಸ್ತಕಕ್ಕೆ ಕೊನೆ ಸಿಗಬೇಕಾದರೆ ಆ ಇಬ್ಬರ ವಿಷಯ ಇತ್ಯರ್ಥ ಆಗಬೇಕಿತ್ತು. ಗಲ್ಲು ಮುಂದೆ ಹೋದಷ್ಟೂ ಪುಸ್ತಕವೂ ಮುಂದೆ ಹೋಗುತ್ತಿತ್ತು. ತನ್ನನ್ನು ಗೆಳೆಯ ಅಂತ ನಂಬಿದವನ ಸಾವಿಗೆ ಕಾಯುತ್ತಾ ಕೂತ ಬರಹಗಾರನ ಸ್ಥಿತಿಯನ್ನು ಯೋಚಿಸಿ. ಕೊಂದವನ ಹತ್ತಿರ ಅಷ್ಟು ದಿನ ಕೂತಿದ್ದರಿಂದ ಆ ಪುಸ್ತಕದಲ್ಲಿ ಕೊಂದವರು ನಮಗೆ ಒಳಗಿನಿಂದ ಗೊತ್ತಾಗುತ್ತಾರೆ. ಸತ್ತ ನಾಲ್ವರು ಒಳ್ಳೆಯವರು ಅನ್ನುವುದಷ್ಟೇ ಗೊತ್ತಾಗುತ್ತದೆ.

ಕನ್ನಡಕ್ಕೆ ಬರೋಣ. ನಮ್ಮಲ್ಲಿ ಅಪರಾಧದ ಬರಹ ಪುಸ್ತಕಕ್ಕಿಂತ ಮೊದಲು ಟ್ಯಾಬ್ಲಾಯ್ಡ್‌ನಲ್ಲಿ ಬೆಳೆಯಿತು. 1995ರಲ್ಲಿ ರವಿ ಬೆಳಗೆರೆ ಹಾಯ್ ಬೆಂಗಳೂರ್ ಶುರು ಮಾಡಿದಾಗ ಇಲ್ಲಿ ಕೂತಿರುವ ಕೆಲವರು ಕಾಲೇಜಿನಲ್ಲಿದ್ದಿರಬೇಕು. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತಾಡಿಸುತ್ತಿದ್ದ ಕಪ್ಪು ಬಿಳುಪಿನ ವಾರಪತ್ರಿಕೆ. ಮನೆಗೆ ತರುವವರು ಇನ್ನೊಂದು ಪೇಪರಿನೊಳಗೆ ಮಡಚಿ ತರುತ್ತಿದ್ದರು, ಮನೆಯಲ್ಲಿ ಎಲ್ಲರೂ ಓದುತ್ತಿದ್ದರು. ಆ ಭಾಷೆಯಲ್ಲಿ ಒಂದು ಶಕ್ತಿ ಇತ್ತು. ಎದುರು ಕೂತು ಹೇಳಿದ ಹಾಗೆ ಬರೆಯುತ್ತಿದ್ದರು. ಊರು, ಬೀದಿ, ಲಾಡ್ಜು, ಠಾಣೆ ಎಲ್ಲವೂ ಕಣ್ಣಿಗೆ ಕಟ್ಟುತ್ತಿದ್ದವು. ದಿನಪತ್ರಿಕೆಯ ವರದಿ 'ದುಷ್ಕರ್ಮಿಗಳು ಪರಾರಿಯಾಗಿದ್ದಾರೆ' ಅಂತ ಮುಗಿಸುತ್ತಿದ್ದ ಜಾಗದಿಂದ ಈ ಬರಹಗಳು ಶುರುವಾಗುತ್ತಿದ್ದವು. ಕನ್ನಡದ ಸಾಮಾನ್ಯ ಓದುಗನಿಗೆ ಪೊಲೀಸ್ ಠಾಣೆಯ ಒಳಗೆ ಏನಾಗುತ್ತದೆ ಅನ್ನುವುದು ಮೊದಲು ಗೊತ್ತಾದದ್ದು ಇಂಥ ವಾರಪತ್ರಿಕೆಗಳಿಂದ. ಆಮೇಲೆ ಟಿವಿಯ ಕ್ರೈಂ ಕಾರ್ಯಕ್ರಮಗಳು ಬಂದವು. ಗಡಸು ದನಿ, ಕತ್ತಲ ರಸ್ತೆ, ಓಡುವ ಕಾಲುಗಳು. ಅಲ್ಲಿ ಊರು ಬೀದಿ ಎಲ್ಲ ಕರಗಿಹೋದವು, ದನಿ ಮಾತ್ರ ಉಳಿಯಿತು. ನನ್ನ ಪ್ರಕಾರ ಅದು ನಷ್ಟ.

ಆ ಕಾರ್ಯಕ್ರಮಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. 'ಪೊಲೀಸರ ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.' ಅಲ್ಲಿಗೆ ಕಥೆ ಮುಗಿಯಿತು ಅಂತ ನಮಗೆ ಅನ್ನಿಸುತ್ತದೆ. ಕೋರ್ಟಿನಲ್ಲಿ ಆ ಮಾತಿಗೆ ಬೆಲೆ ಇಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವ ಹಾಗಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈನಿಂದ ಬಂದ ಹೊಸ ಕಾಯ್ದೆಯಲ್ಲೂ ಅದೇ ಮಾತು ಇದೆ. ಬ್ರಿಟಿಷರ ಕಾಲದಲ್ಲೇ ಈ ನಿಯಮ ಬರಬೇಕಾಯಿತು ಅಂದರೆ ಠಾಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆ ಅನ್ನುವುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಆರೋಪಿ ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಅಂದರೆ ಬಾವಿಗೆ ಎಸೆದ ಕತ್ತಿಯೋ ಅಡ ಇಟ್ಟ ಸರವೋ ಸಿಕ್ಕರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಮಹಜರು ಆಗಬೇಕು, ಅಂದರೆ ವಸ್ತು ಸಿಕ್ಕಿದ್ದನ್ನು ಸ್ಥಳದಲ್ಲೇ ಬರೆದಿಡಬೇಕು, ಅದನ್ನು ಕಂಡ ಸಾಕ್ಷಿಗಳಾಗಿ ಪಂಚರು ಸಹಿ ಹಾಕಬೇಕು.

ಪಂಚರ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಯಾವ ಪುಸ್ತಕದಲ್ಲೂ ಅವರು ನಾಯಕರಲ್ಲ. ರಸ್ತೆ ಪಕ್ಕದ ಹೋಟೆಲಿನವರು, ಆಟೋ ಓಡಿಸುವವರು. ಪೊಲೀಸರು ಬಾ ಅಂದರು, ಹೋದರು, ಸಹಿ ಹಾಕಿದರು. ನಾಲ್ಕು ವರ್ಷದ ನಂತರ ಸಮನ್ಸ್ ಬರುತ್ತದೆ. ಒಂದು ದಿನದ ದುಡಿಮೆ ಬಿಟ್ಟು ಬಂದು ಕಟಕಟೆಯಲ್ಲಿ ನಿಲ್ಲುತ್ತಾರೆ. ಪಾಟಿ ಸವಾಲು ಶುರುವಾಗುತ್ತದೆ. ಕಾಗದದಲ್ಲಿ ಏನು ಬರೆದಿತ್ತು? ಓದಿ ಸಹಿ ಹಾಕಿದಿರಾ? ಎಷ್ಟು ಗಂಟೆಗೆ? ಹಲವರು ಹೆದರುತ್ತಾರೆ, ಕೆಲವರು ಉಲ್ಟಾ ಹೊಡೆಯುತ್ತಾರೆ. ದೊಡ್ಡ ದೊಡ್ಡ ಕೇಸುಗಳು ಬಿದ್ದುಹೋಗುವುದು ಇಲ್ಲಿ. ಒಬ್ಬ ಪಂಚನ ಒಂದು ದಿನವನ್ನು ಚೆನ್ನಾಗಿ ಬರೆದರೆ ನಮ್ಮ ನ್ಯಾಯ ವ್ಯವಸ್ಥೆಯ ಬಗ್ಗೆ ಬೇರೆ ಲೇಖನವೇ ಬೇಕಿಲ್ಲ.

ಜ್ಯೂರಿ ಕುರ್ಚಿಯಲ್ಲಿ ಕೂತ ಓದುಗನಿಗೂ ನಿಜವಾದ ಜ್ಯೂರಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ನಿಜವಾದ ಜ್ಯೂರಿ ಎರಡೂ ಕಡೆಯ ಮಾತು ಕೇಳಲೇಬೇಕು. ಬೇಸರದ ಸಾಕ್ಷಿಗಳನ್ನೂ ಕೇಳಬೇಕು. ಎದ್ದು ಹೋಗುವ ಹಾಗಿಲ್ಲ. ನಮಗೆ ಆ ಬಂಧನ ಇಲ್ಲ. ಬರಹಗಾರ ಬೇಸರದ ಭಾಗವನ್ನು ಕತ್ತರಿಸಿ, ಒಂದು ಕಡೆಯ ಮಾತನ್ನು ಮುಂದಿಟ್ಟು ಕೊಡುತ್ತಾನೆ. ನಾವು ತೀರ್ಪು ಕೊಟ್ಟು ಮಲಗುತ್ತೇವೆ.

ನೋಯ್ಡಾದ ಜೋಡಿ ಕೊಲೆ ನಿಮಗೆಲ್ಲ ನೆನಪಿದೆ. 2008ರ ಮೇ. ಹದಿಮೂರು ವರ್ಷದ ಹುಡುಗಿ ತನ್ನ ಕೋಣೆಯಲ್ಲಿ ಕೊಲೆಯಾಗಿದ್ದಳು. ಮನೆಕೆಲಸದವನು ಕಾಣುತ್ತಿಲ್ಲ, ಅವನೇ ಕೊಂದು ಓಡಿಹೋಗಿದ್ದಾನೆ ಅಂತ ಪೊಲೀಸರು ಹೊರಟರು. ಮರುದಿನ ಅದೇ ಕಟ್ಟಡದ ತಾರಸಿಯಲ್ಲಿ ಅವನ ಹೆಣ ಸಿಕ್ಕಿತು. ತಾರಸಿಯ ಬಾಗಿಲನ್ನು ಮೊದಲ ದಿನ ಯಾರೂ ತೆಗೆಸಿರಲಿಲ್ಲ. ಆಮೇಲೆ ಟಿವಿಗಳು ತಂದೆ ತಾಯಿಯ ಮುಖ ನೋಡಿ ತೀರ್ಪು ಕೊಡಲು ಶುರು ಮಾಡಿದವು. ಅವಳು ಅಳುತ್ತಿಲ್ಲ ಯಾಕೆ? ಕೇಳಿದವರಲ್ಲಿ ನಮ್ಮ ಊರಿನವರೂ ಇದ್ದರು, ನಮ್ಮ ಮನೆಯವರೂ ಇದ್ದರು. 2013ರಲ್ಲಿ ತಂದೆ ತಾಯಿಗೆ ಶಿಕ್ಷೆ ಆಯಿತು. 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಬಿಡುಗಡೆ ಮಾಡಿತು. ಈ ಕೇಸನ್ನು ನಾವು ಹುಡುಗಿಯ ಹೆಸರಿನಿಂದ, ಆರುಷಿ ಕೇಸು ಅಂತ ಕರೆಯುತ್ತೇವೆ. ಸತ್ತವರು ಇಬ್ಬರು. ಆ ಕೆಲಸದ ಮನುಷ್ಯನಿಗೂ ನೇಪಾಳದಲ್ಲಿ ಒಂದು ಸಂಸಾರ ಇತ್ತು.

2014ರಲ್ಲಿ ಅಮೆರಿಕದಲ್ಲಿ 'ಸೀರಿಯಲ್' ಅನ್ನುವ ಪಾಡ್‌ಕಾಸ್ಟ್ ಬಂತು. ಈಗಿನ ಪಾಡ್‌ಕಾಸ್ಟ್ ಅಲೆ ಶುರುವಾದದ್ದು ಅಲ್ಲಿಂದ ಅನ್ನಬಹುದು. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ಒಬ್ಬ ಹೈಸ್ಕೂಲ್ ಹುಡುಗಿಯ ಕೊಲೆಯಾಗಿತ್ತು. ಅವಳ ಹಿಂದಿನ ಗೆಳೆಯ ಅದ್ನಾನ್ ಸೈಯದ್‌ಗೆ ಶಿಕ್ಷೆ ಆಗಿತ್ತು. ಅವನು ನಿಜಕ್ಕೂ ಮಾಡಿದ್ದನೇ ಅಂತ ವರದಿಗಾರ್ತಿ ಸಾರಾ ಕೋನಿಗ್ ಹನ್ನೆರಡು ಕಂತುಗಳಲ್ಲಿ ಹುಡುಕುತ್ತಾ ಹೋದರು. ಕೊನೆಗೂ ಖಚಿತ ಉತ್ತರ ಕೊಡಲಿಲ್ಲ. ನನಗೆ ಆ ಪ್ರಾಮಾಣಿಕತೆ ಇಷ್ಟ. ಆದರೆ ಕೇಳಿದ ಲಕ್ಷಾಂತರ ಜನ ತಮ್ಮ ತಮ್ಮ ತೀರ್ಪು ಕೊಟ್ಟರು. 2022ರಲ್ಲಿ ಅವನ ಶಿಕ್ಷೆ ರದ್ದಾಯಿತು, 2023ರಲ್ಲಿ ಮತ್ತೆ ಜಾರಿಗೆ ಬಂತು, 2025ರಲ್ಲಿ ಅಪರಾಧಿ ಅನ್ನುವ ತೀರ್ಮಾನ ಹಾಗೇ ಉಳಿದು, ಇಷ್ಟು ವರ್ಷ ಜೈಲಿನಲ್ಲಿದ್ದದ್ದೇ ಸಾಕು ಅಂತ ಹೊರಗಿರಲು ಬಿಟ್ಟರು. 2022ರ ವಿಚಾರಣೆಯಲ್ಲಿ ಸತ್ತ ಹುಡುಗಿಯ ತಮ್ಮ ಮಾತಾಡಿದ. ಇದು ನನಗೆ ಪಾಡ್‌ಕಾಸ್ಟ್ ಅಲ್ಲ, ನನ್ನ ಬದುಕು ಅನ್ನುವ ಅರ್ಥದ ಮಾತು. ಅಕ್ಕ ಸತ್ತು ಇಪ್ಪತ್ತು ವರ್ಷ ದಾಟಿದ ಮೇಲೆ ಅವನು ಕೋರ್ಟಿಗೆ ಅದನ್ನು ಹೇಳಬೇಕಾಯಿತು.

ಇನ್ನು ಹೆಣ್ಣುಮಕ್ಕಳ ವಿಷಯ. ಈ ಥರದ ಪುಸ್ತಕಗಳನ್ನು ಗಂಡಸರೇ ಜಾಸ್ತಿ ಓದುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲಿನಾಯ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ವಿಕರಿ ಮತ್ತು ಫ್ರೇಲಿ, 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಕಂಡದ್ದು ಉಲ್ಟಾ. ಯುದ್ಧದ ಪುಸ್ತಕ, ಗ್ಯಾಂಗಿನ ಪುಸ್ತಕ, ಕೊಲೆಯ ನಿಜಕಥೆ ಇಟ್ಟು ಯಾವುದು ಬೇಕು ಅಂದರೆ ಕೊಲೆಯ ನಿಜಕಥೆಯನ್ನು ಆರಿಸಿಕೊಂಡವರಲ್ಲಿ ಹೆಂಗಸರೇ ಹೆಚ್ಚು. ಹೆಂಗಸು ಹೇಗೆ ತಪ್ಪಿಸಿಕೊಂಡಳು ಅನ್ನುವ ವಿವರ ಇರುವ ಪುಸ್ತಕ ಅಂದರೆ ಅವರ ಆಸಕ್ತಿ ಇನ್ನೂ ಜಾಸ್ತಿ. ಅಂದರೆ ಅವರು ಓದುತ್ತಿರುವುದು ಎಚ್ಚರಿಕೆಗಾಗಿ. ಯಾವ ಮಾತನ್ನು ನಂಬಬಾರದು, ಯಾವ ಗಳಿಗೆಯಲ್ಲಿ ಎದ್ದು ಹೊರಡಬೇಕು.

ಇದನ್ನು ಓದಿದಾಗ ನನಗೆ ಬೇರೆ ದೇಶ ನೆನಪಾಗಲಿಲ್ಲ, ನಮ್ಮ ದಕ್ಷಿಣ ಕನ್ನಡವೇ ನೆನಪಾಯಿತು. ಮೋಹನ್ ಕುಮಾರ್ ಕೇಸು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 2003ರಿಂದ 2009ರ ನಡುವೆ ಇಪ್ಪತ್ತು ಹೆಣ್ಣುಮಕ್ಕಳ ಕೊಲೆಯ ಆರೋಪ ಅವನ ಮೇಲೆ ಬಂತು. ಅವನ ದಾರಿ ಒಂದೇ. ಮದುವೆ ವಯಸ್ಸು ದಾಟುತ್ತಿರುವ, ವರದಕ್ಷಿಣೆ ಕೊಡಲಾಗದ ಬಡ ಮನೆಯ ಹುಡುಗಿಯ ಪರಿಚಯ ಮಾಡಿಕೊಳ್ಳುವುದು. ವರದಕ್ಷಿಣೆ ಬೇಡ, ಮದುವೆ ಆಗುತ್ತೇನೆ ಅನ್ನುವುದು. ಒಡವೆ ಹಾಕಿಕೊಂಡು ಬಾ ಅಂತ ಹೇಳಿ ಮೈಸೂರೋ ಮಡಿಕೇರಿಯೋ ಹಾಸನವೋ ಬೆಂಗಳೂರೋ, ದೂರದ ಒಂದು ಊರಿಗೆ ಕರೆದುಕೊಂಡು ಹೋಗಿ ಲಾಡ್ಜಿನಲ್ಲಿ ಉಳಿಯುವುದು. ಬೆಳಿಗ್ಗೆ ಒಡವೆ ಬಿಚ್ಚಿಡಲು ಹೇಳಿ ಬಸ್ ಸ್ಟ್ಯಾಂಡಿಗೆ ಕರೆತಂದು ಒಂದು ಮಾತ್ರೆ ಕೊಡುವುದು. ಬಸಿರು ನಿಲ್ಲದಿರಲು ಅಂತ. ಹುಡುಗಿ ಅದನ್ನು ನುಂಗಲು ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗುತ್ತಾಳೆ. ಅದು ಸೈನೈಡ್. ಇವನು ಲಾಡ್ಜಿಗೆ ವಾಪಸ್ ಹೋಗಿ ಒಡವೆ ತೆಗೆದುಕೊಂಡು ಹೊರಡುತ್ತಾನೆ.

ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಬಾಗಿಲು ಒಡೆದು ಹೆಣ ತೆಗೆದರು. ಮೈಮೇಲೆ ಒಳ್ಳೆ ಸೀರೆ ಇರುತ್ತಿತ್ತು. ಕೊರಳು ಬರಿದು. ಠಾಣೆಯಲ್ಲಿ ಯುಡಿಆರ್ ಆಗುತ್ತಿತ್ತು, ಅಸಹಜ ಸಾವಿನ ವರದಿ. ಅಪರಿಚಿತ ಹೆಂಗಸು. ಆತ್ಮಹತ್ಯೆ ಇರಬಹುದು, ಫಿಟ್ಸ್ ಇರಬಹುದು. ಫೈಲು ಮುಚ್ಚುತ್ತಿತ್ತು. ಇತ್ತ ಊರಿನಲ್ಲಿ ಹುಡುಗಿ ಯಾರ ಜತೆಗೋ ಓಡಿಹೋದಳು ಅಂತ ಮಾತು. ಮರ್ಯಾದೆಗೆ ಅಂಜಿ ಎಷ್ಟೋ ಮನೆಯವರು ದೂರು ಕೊಡಲಿಲ್ಲ. ಕೊಟ್ಟವರ ದೂರು ಒಂದು ಠಾಣೆಯಲ್ಲಿ, ಹೆಣ ಸಿಕ್ಕ ಯುಡಿಆರ್ ಇನ್ನೊಂದು ಜಿಲ್ಲೆಯ ಠಾಣೆಯಲ್ಲಿ. ಆ ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಬರಲಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ ಅವಳ ಸಮುದಾಯದವರು ಸುಮ್ಮನಿರಲಿಲ್ಲ, ಠಾಣೆಯ ಮುಂದೆ ಕೂತರು. ಆಗ ಮೊಬೈಲ್ ಕರೆಗಳ ಜಾಡು ಹಿಡಿದು ಪೊಲೀಸರು ಹೊರಟರು. ಒಂದು ಹುಡುಗಿಯ ಫೋನಿನಿಂದ ಇನ್ನೊಂದು ಕಾಣೆಯಾದ ಹುಡುಗಿ, ಅಲ್ಲಿಂದ ಮತ್ತೊಬ್ಬಳು. ಅಕ್ಟೋಬರ್‌ನಲ್ಲಿ ಅವನು ಸಿಕ್ಕಿದ.

ಪತ್ರಿಕೆಗಳು ಅವನಿಗೆ 'ಸೈನೈಡ್ ಮೋಹನ್' ಅಂತ ಹೆಸರಿಟ್ಟವು. ಆ ಹೆಸರಿಟ್ಟ ಮೇಲೆ ಅವನೊಬ್ಬ ಪಾತ್ರವಾದ. ಅವನ ಬುದ್ಧಿವಂತಿಕೆ, ಅವನ ಮಾತಿನ ಮೋಡಿ, ಕೋರ್ಟಿನಲ್ಲಿ ತಾನೇ ವಾದ ಮಾಡಿದ್ದು, ಇದರ ಬಗ್ಗೆ ಪುಟಗಟ್ಟಲೆ ಬಂತು. ನನಗೆ ಅವನಲ್ಲಿ ದೊಡ್ಡ ಬುದ್ಧಿವಂತಿಕೆ ಕಾಣುವುದಿಲ್ಲ. ಒಂದೇ ಸುಳ್ಳನ್ನು ಇಪ್ಪತ್ತು ಸಲ ಹೇಳಿದ, ಇಪ್ಪತ್ತು ಸಲವೂ ನಡೆಯಿತು. ನಡೆಯುವಂತೆ ಮಾಡಿದ್ದು ನಮ್ಮ ವರದಕ್ಷಿಣೆ, ಓಡಿಹೋದಳು ಅನ್ನುವ ನಮ್ಮ ಬಾಯಿ, ಒಂದಕ್ಕೊಂದು ಸೇರದ ನಮ್ಮ ಠಾಣೆಗಳ ಫೈಲು. ಈ ಮೂರನ್ನು ಬಿಟ್ಟು ಅವನ ಮನಸ್ಸನ್ನು ಮಾತ್ರ ಅಗೆಯುವ ಬರಹ ಎಷ್ಟೇ ರೋಚಕವಾಗಿದ್ದರೂ ನನಗೆ ಅರ್ಧ ಬರಹ. ಅದನ್ನು ಓದಿದ ಹುಡುಗಿಗೆ ಎಚ್ಚರಿಕೆಯೂ ಅರ್ಧವೇ ಸಿಗುತ್ತದೆ.

ಇಲ್ಲಿ ನಾನು ಕೋರ್ಟಿನಲ್ಲಿ ಕಂಡ ಒಂದು ಸಂಗತಿ ಹೇಳಬೇಕು. ಇದು ಬೇರೆ ಕೇಸು, ಯಾರಿಗೂ ಗೊತ್ತಿಲ್ಲದ ಕೇಸು. ಕೊಲೆಯಾದ ಹೆಂಗಸಿನ ತಮ್ಮ ಸಾಕ್ಷಿ ಹೇಳಲು ಬಂದಿದ್ದ. ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತು, ತೋರಿಸಬೇಕಿತ್ತು. ಪೊಲೀಸ್ ಪೇದೆ ಅರಗಿನ ಸೀಲು ಒಡೆದು ಬಟ್ಟೆಯ ಹೊಲಿಗೆ ಬಿಚ್ಚಿ ಒಂದು ಕೊಡೆ ಹೊರತೆಗೆದರು. ಹಿಡಿಗೆ ಕೆಂಪು ನೂಲು ಸುತ್ತಿತ್ತು. ಇದು ಯಾರದು ಅಂತ ಸರ್ಕಾರಿ ವಕೀಲರು ಕೇಳಿದರು. ಅಕ್ಕನದು ಅಂದ. ಹೇಗೆ ಗುರುತು ಹಿಡಿದೆ? ಹಿಡಿ ಬಿರುಕು ಬಿಟ್ಟಿತ್ತು, ನಾನೇ ನೂಲು ಸುತ್ತಿ ಕೊಟ್ಟಿದ್ದೆ ಅಂದ. ಆರೋಪಿ ಪರ ವಕೀಲರು ಎದ್ದು, ಇಂಥ ಕೊಡೆ ಅಂಗಡಿಯಲ್ಲಿ ನೂರಾರು ಸಿಗುತ್ತವೆ ಅಲ್ಲವೇ ಅಂತ ಕೇಳಿದರು. ಹೌದು ಅಂದ. ಬೆಂಚ್ ಕ್ಲರ್ಕ್ ಎಲ್ಲವನ್ನೂ ಟೈಪ್ ಮಾಡಿಸಿದರು. ಕೊಡೆಗೆ ಎಂಒ, ಅಂದರೆ ಸಾಕ್ಷ್ಯದ ವಸ್ತು, ಅಂತ ಒಂದು ನಂಬರ್ ಕೊಟ್ಟರು. ಅವನು ಕೆಳಗಿಳಿಯುವಾಗ ಇದನ್ನು ಮನೆಗೆ ಕೊಡುತ್ತಾರಾ ಅಂತ ಪೇದೆಯನ್ನು ಕೇಳಿದ. ಕೇಸು ಮುಗಿಯಲಿ ಅಂದರು.

ಕೊಲೆ ಯಾಕಾಯಿತು, ಹೇಗಾಯಿತು ಅನ್ನುವುದನ್ನು ನಾನು ಅವತ್ತು ವರದಿ ಮಾಡಿದೆ. ಕೊಡೆಯ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗ ಇರುವುದಿಲ್ಲ. ಜಾಗ ಇರುವುದು ಪುಸ್ತಕದಲ್ಲಿ, ಪಾಡ್‌ಕಾಸ್ಟ್‌ನಲ್ಲಿ. ಆ ಕಾರಣಕ್ಕೇ ನಾನು ಈ ಪ್ರಕಾರವನ್ನು ಹೀಗಳೆಯುವವರ ಜತೆ ಸೇರುವುದಿಲ್ಲ. ಒಂದು ಸಾವಿಗೆ ಮುನ್ನೂರು ಪುಟ ಕೊಡುವ ತಾಳ್ಮೆ ಬೇರೆ ಯಾವ ಬರಹಕ್ಕಿದೆ?

ಓದುಗರಾಗಿ ಏನು ಮಾಡಬೇಕು ಅಂತ ಕೆಲವರು ಚೀಟಿ ಕಳಿಸಿದ್ದೀರಿ. ನಿಮಗೆ ನಿಜಕ್ಕೂ ಆ ಕುರ್ಚಿಯಲ್ಲಿ ಕೂರುವ ಆಸೆ ಇದ್ದರೆ ತೀರ್ಪುಗಳನ್ನೇ ಓದಿ. ಸುಪ್ರೀಂ ಕೋರ್ಟಿನ ತೀರ್ಪುಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡದಲ್ಲೂ ಇವೆ. ಶರದ್ ಸಾರ್ದಾ ಎಂಬುವರ 1984ರ ಕೇಸಿನ ತೀರ್ಪಿನಿಂದ ಶುರು ಮಾಡಿ. ಕಣ್ಣಾರೆ ಕಂಡವರು ಯಾರೂ ಇಲ್ಲದ ಕೇಸಿನಲ್ಲಿ, ಬರೀ ಸಾಂದರ್ಭಿಕ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡಬೇಕಾದರೆ ಐದು ಷರತ್ತು ಪೂರೈಸಬೇಕು ಅಂತ ಅಲ್ಲಿ ಹೇಳಿದ್ದಾರೆ. ಸಾಕ್ಷಿಗಳ ಸರಪಳಿ ಎಲ್ಲೂ ಕಡಿಯಬಾರದು, ಆರೋಪಿ ನಿರಪರಾಧಿ ಅನ್ನುವುದಕ್ಕೆ ಸರಿಯಾದ ಯಾವ ದಾರಿಯೂ ಉಳಿದಿರಬಾರದು. ಅದನ್ನು ಒಮ್ಮೆ ಓದಿಕೊಂಡು ಆಮೇಲೆ ಯಾವುದಾದರೂ ಕ್ರೈಂ ಕಾರ್ಯಕ್ರಮ ನೋಡಿ. ಎಷ್ಟು ಜಾಗದಲ್ಲಿ ಸರಪಳಿ ಕಡಿದಿದೆ ಅಂತ ನಿಮಗೇ ಕಾಣುತ್ತದೆ. ಇನ್ನೊಂದು, ನಮ್ಮ ಸೆಷನ್ಸ್ ಕೋರ್ಟುಗಳು ತೆರೆದ ಕೋರ್ಟುಗಳು. ಕೆಲವು ಬಗೆಯ ಕೇಸುಗಳನ್ನು ಬಿಟ್ಟರೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು.

ಬರೆಯುವ ಹುಡುಗ ಹುಡುಗಿಯರು ಇಲ್ಲಿ ಇದ್ದೀರಿ, ನಿಮಗೆ ಒಂದು ಕೆಲಸ ಹೇಳುತ್ತೇನೆ. ಮೋಹನ್ ಕುಮಾರ್ ಮೇಲಿನ ಇಪ್ಪತ್ತು ಕೇಸುಗಳ ವಿಚಾರಣೆ ಒಂದೊಂದಾಗಿ ನಡೆಯಿತು. ಮೊದಲ ತೀರ್ಪು ಬಂದದ್ದು 2013ರ ಡಿಸೆಂಬರ್‌ನಲ್ಲಿ, ಮರಣದಂಡನೆ. ಆಗ ಎಲ್ಲ ಪತ್ರಿಕೆಗಳಲ್ಲಿ ಮುಖಪುಟ. ಇಪ್ಪತ್ತನೆಯ ತೀರ್ಪು 2020ರ ಜೂನ್‌ನಲ್ಲಿ ಬಂತು, ಜೀವಾವಧಿ. ದೇಶವೆಲ್ಲ ಕೊರೊನಾ ಸುದ್ದಿಯಲ್ಲಿ ಮುಳುಗಿತ್ತು. ಮಂಗಳೂರಿನ ಕೋರ್ಟಿನಲ್ಲಿ ಇಪ್ಪತ್ತು ತೀರ್ಪುಗಳೂ ಇವೆ. ಪ್ರತಿಯೊಂದರಲ್ಲೂ ಒಬ್ಬ ಹುಡುಗಿ ಮನೆಯಿಂದ ಹೊರಟ ದಿನ ಏನು ಹೇಳಿ ಹೊರಟಳು, ಯಾವ ಬಸ್ಸು ಹತ್ತಿದಳು, ಬಾಗಿಲು ಒಡೆದವರು ಯಾರು, ಯುಡಿಆರ್ ಬರೆದವರು ಯಾರು, ಮನೆಯವರು ಫೋಟೊ ನೋಡಿ ಗುರುತು ಹಿಡಿದದ್ದು ಎಷ್ಟು ವರ್ಷಕ್ಕೆ ಅನ್ನುವುದು ಸಾಕ್ಷಿಗಳ ಬಾಯಿಂದಲೇ ಇರುತ್ತದೆ. ಮನೆಯವರ ಒಪ್ಪಿಗೆ ಕೇಳಿ. ಹೆಸರು ಬೇಡ ಅಂದರೆ ಹೆಸರು ಬಿಡಿ. ಅವನ ಬಗ್ಗೆ ಒಂದು ಅಧ್ಯಾಯ ಸಾಕು. ಉಳಿದ ಇಪ್ಪತ್ತು ಅಧ್ಯಾಯ ಅವರಿಗೆ ಕೊಟ್ಟು ಕನ್ನಡದಲ್ಲಿ ಒಂದು ಪುಸ್ತಕ ಬರೆಯಿರಿ. ಕೋರ್ಟ್ ಕಾಗದ ಓದಿಸಲು, ಮಹಜರಿನ ಕೈಬರಹ ಬಿಡಿಸಲು ಯಾರಾದರೂ ಬೇಕಾದರೆ ನಾನಿದ್ದೇನೆ.